ಗುಮ್‌ಹಿಯ ಒಳಪುಟದ ಅಕ್ಷರಗಳು

ದೇಗು ಊರಿನ ಒಂದು ಮುದ್ರಣಾಲಯದಲ್ಲಿ ಪ್ಯೋ ಗುಮ್‌ಹಿಗೆ ಅಚ್ಚಿನ ಮೊಳೆಗಳಿಗೆ ಅಕ್ಷರದ ಮಾದರಿ ಬರೆಯುವ ಕೆಲಸ. ಅಂಗಡಿ ಬೋರ್ಡಿನ ಥಳುಕಿನ ಅಕ್ಷರಗಳಲ್ಲ, ದಪ್ಪ ದಪ್ಪ ಕಾದಂಬರಿಗಳ ಒಳಪುಟಕ್ಕೆ ಬೇಕಾದವು. ಗೆರೆಯ ತಲೆಯಲ್ಲಿ ಕುಂಚ ಊರಿದ ಗುರುತು, ಕೊನೆಯಲ್ಲಿ ಮೆಲ್ಲಗೆ ಎತ್ತಿದ ಗುರುತು. ಹೀಗೆ, ಕೂಡಿದ ಅಕ್ಷರ ಒಂದೊಂದಕ್ಕೂ ಬೇರೆ ಅಚ್ಚು ಬೇಕಾದ್ದರಿಂದ, ಎರಡು ಸಾವಿರಕ್ಕೂ ಮೇಲ್ಪಟ್ಟ ಅಕ್ಷರಗಳನ್ನು ಮಸಿಯಲ್ಲಿ ತಿದ್ದಿ ತೀಡಿ ಮುಗಿಸುವಷ್ಟರಲ್ಲಿ ವರ್ಷಗಳೇ ಉರುಳಿದ್ದವು.

ಮಾಲೀಕರು ಮಾದರಿ ಹಾಳೆಯನ್ನು ತಿರುವಿ ನೋಡಿದರು.

"ಚೆನ್ನಾಗೇನೋ ಇದೆ. ಆದ್ರೆ ಎದ್ದು ಕಾಣೋ ಅಂಥದ್ದೇನೂ ಇಲ್ವಲ್ಲಮ್ಮ."

"ಎದ್ದು ಕಾಣ್ಬಾರ್ದು ಅಂತಲೇ ಬರ್ದಿದ್ದು ಸರ್. ಓದೋರ ಕಣ್ಣು ಎಲ್ಲೂ ಎಡವಬಾರ್ದು."

"ನೋಡೋಣ," ಎಂದು ಅವರು ಹಾಳೆಯನ್ನು ಬದಿಗಿಟ್ಟರು.

ಆ 'ನೋಡೋಣ'ದ ಅರ್ಥ ಅವಳಿಗೆ ಗೊತ್ತಿತ್ತು. ಮುಖ ಊದಿಸಿಕೊಂಡು ಮನೆಗೆ ಹೋದವಳಿಗೆ ಅಣ್ಣ ಸಾಂಗ್‌ದಲ್‌ನ ಕ್ಷೌರದಂಗಡಿ ನೆನಪಾಯಿತು. ಅಲ್ಲಿನ ಬೆಂಚಿನ ಮೇಲೆ ಸರದಿಗೆ ಕಾಯುವವರು ಯಾವಾಗಲೂ ಇರುತ್ತಿದ್ದರು. ಅಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ತನ್ನ ಅಕ್ಷರಗಳಲ್ಲೇ ಅಚ್ಚು ಹಾಕಿಸಿ, ಪುಟ್ಟ ಪುಸ್ತಕ ಮಾಡಿ, ನಾಲ್ಕಾರು ಪ್ರತಿ ಅಲ್ಲಿಟ್ಟು ಬಂದಳು.

ವಾರ ಕಳೆಯುವುದರೊಳಗೆ ಅಣ್ಣ ಧುಮುಗುಡುತ್ತಾ ಬಂದ.

"ಏನೇ ಅದು ನೀನು ತಂದಿಟ್ಟಿರೋದು? ಕುರ್ಚಿ ಖಾಲಿ ಆಯ್ತು ಬನ್ರಪ್ಪಾ ಅಂದ್ರೆ, 'ತಡಿಯೋ, ಇನ್ನೆರಡು ಪುಟ' ಅಂತಾರೆ. ಕತ್ತರಿ ಹಿಡ್ಕೊಂಡು ನಾನು ಕಂಬದ ಹಾಗೆ ನಿಂತಿರ್ಬೇಕಾ?"

ಗುಮ್‌ಹಿ ಹಿಗ್ಗಿದಳು. ಮರುಕ್ಷಣವೇ ಅನುಮಾನ ಹೊಕ್ಕಿತು. ಅವರನ್ನು ಹಿಡಿದು ಕೂರಿಸಿದ್ದು ಅಕ್ಷರವೋ, ಅಜ್ಜಿಯ ಕಥೆಯೋ? ಸರಿ, ಕಥೆ ತೆಗೆದು, ಕೋಸಿನ ಹುಳು ಬಾಧೆಯ ಬಗ್ಗೆ ರೈತರಿಗೆ ಹಂಚುವ ಒಂದು ಒಣ ಬರಹವನ್ನು ಅದೇ ಅಕ್ಷರಗಳಲ್ಲಿ ಅಚ್ಚು ಮಾಡಿಸಿದಳು. ಈ ಸಲ ತಾನೂ ಹೆಣಿಗೆ ಹಿಡಿದು ಅಂಗಡಿಯ ಮೂಲೆಯಲ್ಲಿ ಕೂತಳು.

ಸರದಿಗೆ ಕೂತಿದ್ದ ತಾಕ್ ಅಜ್ಜ ಹಡಗಿನ ಅಡುಗೆ ಕೆಲಸ ಬಿಟ್ಟು ಬಂದು, ಮಹಡಿಯ ಒಂಟಿ ಕೋಣೆಯಲ್ಲಿ ಇರುವವನು. ಅವನು ಕೊನೆಯ ಪುಟದವರೆಗೂ ಓದಿ ತಲೆ ಎತ್ತಿದ.

"ನಂಗೆ ಬೊಗಸೆ ಮಣ್ಣಿಲ್ಲ. ಇದನ್ನ ಯಾಕೆ ಓದಿದೆ ನಾನು?"

"ಕಣ್ಣು ಉರೀತಾ ಅಜ್ಜ?" ಎಂದಳು ಗುಮ್‌ಹಿ.

"ಇಲ್ಲಮ್ಮ. ಆ ಹುಳ ಕೊನೇಗೆ ಸತ್ತೇ ಹೋಗುತ್ತಾ? ಅದನ್ನೇ ಬರ್ದಿಲ್ವಲ್ಲ."

ಗುಮ್‌ಹಿ ಹೆಣಿಗೆ ಬಿಟ್ಟು ಓಡಿಹೋಗಿ ಮಾಲೀಕರನ್ನೇ ಕರೆತಂದಳು. ಅವರು ಬಾಗಿಲಲ್ಲೇ ನಿಂತರು. ಬೆಂಚಿನಲ್ಲಿದ್ದವರೆಲ್ಲ ತಲೆ ಬಗ್ಗಿಸಿ ಹುಳುವಿನ ಸಮಾಚಾರದಲ್ಲಿ ಮುಳುಗಿದ್ದರು. ಮಾಲೀಕರೂ ಒಂದು ಪ್ರತಿ ಎತ್ತಿಕೊಂಡರು. ಪುಟ ಮಗುಚುತ್ತಲೇ ಹೇಳಿದರು: "ಬರೋ ಕಾದಂಬರಿ ಈ ಅಕ್ಷರದಲ್ಲೇ ಹಾಕೋಣಮ್ಮ."

ಆ ಕಾದಂಬರಿ ಬಂದಾಗ ಸಾಂಗ್‌ದಲ್ ಜೀವಮಾನದಲ್ಲಿ ಮೊದಲ ಸಲ ಪುಸ್ತಕ ಕೊಂಡ. ಓದಿ ಮುಗಿಸಿ ತಂಗಿಯ ಮನೆಗೆ ಊಟಕ್ಕೆ ಬಂದವನು ತುಸು ಹಿಂಜರಿಯುತ್ತಾ ಕೇಳಿದ.

"ಇದ್ರಲ್ಲಿ ನಿಂದು ಯಾವ ಅಕ್ಷರನೇ?"

"ಎಲ್ಲಾ ನಂದೇ ಅಣ್ಣ."

"ಎಲ್ಲಾನಾ? ಬೇಜಾರ್ ಮಾಡ್ಕೋಬೇಡ ಕಣೇ. ಕಥೇಲಿ ಬಿದ್ದು ಅಕ್ಷರ ನೋಡೋದನ್ನೇ ಮರ್ತೆ."

ಗುಮ್‌ಹಿಗೆ ನಗು ತಡೆಯಲಾಗಲಿಲ್ಲ. ಅವನ ಬಟ್ಟಲಿಗೆ ಬಿಸಿ ಸಾರು ಇನ್ನಷ್ಟು ಸುರಿದಳು.