ಹೋಗಿಬರುತ್ತೇನೆ ಎಂದ ಮೇಲೆ

ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿಬರುತ್ತೇನೆ’ ಎನ್ನಬೇಕು ಎಂಬುದನ್ನು ನಮ್ಮ ನಾಡಿನ ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಾರೆ. ಬೆಳೆಯುತ್ತ ಅದರ ಅರ್ಥವನ್ನು ಮರೆಯುತ್ತಾರೆ. ಮರೆಯದೆ ಉಳಿದ ಒಬ್ಬರನ್ನು ನಾನು ಬಲ್ಲೆ. ಅವರು ಕುಮಾರಸ್ವಾಮಿ ಲೇಔಟಿನ ಲತಾಮಣಿ. ಚಿತ್ರೀಕರಣಕ್ಕೆ ಜಾಗ ಹುಡುಕುವುದು, ಅದಕ್ಕೆ ಬೇಕಾದ ಅನುಮತಿಗಳನ್ನು ತಂದುಕೊಡುವುದು ಅವರ ವೃತ್ತಿ.

ಈ ವೃತ್ತಿಗೆ ಬಂದ ಹೊಸದರಲ್ಲಿ ಅವರು ಪದ್ಮನಾಭನಗರದ ಒಂದು ಮನೆಯನ್ನು ಧಾರಾವಾಹಿಗಾಗಿ ಗೊತ್ತುಮಾಡಿದ್ದರು. ಕೆಲಸ ಮುಗಿದ ದಿನ, ಎಲ್ಲರೂ ಹೇಳುವಂತೆ, ಮನೆಯೊಡತಿ ಪಂಕಜಮ್ಮನವರಿಗೆ ‘ಹೋಗಿಬರ್ತೀವಿ ಆಂಟಿ’ ಎಂದರು. ಪಂಕಜಮ್ಮ ಬಾಗಿಲ ಚೌಕಟ್ಟಿನ ಮೇಲಿದ್ದ ಗೀರನ್ನು ತೋರಿಸಿ, “ಹೋದ ಸಲದವರೂ ಹಾಗೇ ಹೇಳಿದ್ರಮ್ಮ. ಅವರು ಬರ್ಲಿಲ್ಲ, ಈ ಗೀರು ಹೋಗ್ಲಿಲ್ಲ” ಎಂದರು. ಆ ಗೀರು ಲತಾಮಣಿಯವರ ತಂಡದ್ದಲ್ಲ. ಆದರೂ ಮರುವಾರ ಅವರು ಬಡಗಿಯೊಬ್ಬನನ್ನು ಕರೆದುಕೊಂಡು ಆ ಮನೆಗೆ ಹೋದರು. ಅಂದಿನಿಂದ, ಚಿತ್ರೀಕರಣ ನಡೆದ ಪ್ರತಿಯೊಂದು ಸ್ಥಳಕ್ಕೂ ಕೆಲಸವೆಲ್ಲ ಮುಗಿದ ಮೇಲೆ ಒಮ್ಮೆ ಬರಿಗೈಯಲ್ಲಾದರೂ ಹೋಗಿ ಮಾತನಾಡಿಸಿ ಬರುವುದು ಅವರಿಗೆ ವ್ರತದಂತಾಯಿತು.

ಕನ್ನಡ ನಾಡಿನ ಶಿಲಾಶಾಸನಗಳನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತೆಗೆಯಬೇಕೆಂದು ಜಯನಗರದ ನಿರ್ದೇಶಕ ಭಾರ್ಗವ ಸಂಕಲ್ಪಿಸಿದಾಗ, ಆ ಕಲ್ಲುಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಅವುಗಳ ಬಳಿಗೆ ನಮ್ಮನ್ನು ಕರೆದೊಯ್ಯುವ ಕೆಲಸ ಲತಾಮಣಿಯವರ ಪಾಲಿಗೆ. ಯಾವುದು ಕಷ್ಟವೆಂಬುದು ಬಹುಬೇಗ ತಿಳಿಯಿತು. ಒಂದು ಕಲ್ಲು ಪುರಾತತ್ವ ಇಲಾಖೆಗೆ ಸೇರಿದ್ದು, ಇನ್ನೊಂದು ಮುಜರಾಯಿ ದೇವಾಲಯದ ಅಂಗಳದಲ್ಲಿದ್ದುದು, ಮತ್ತೊಂದು ಅರಣ್ಯದೊಳಗೆ, ಮಗದೊಂದು ಪಂಚಾಯಿತಿಯ ಕೆರೆಯೇರಿಯ ಮೇಲೆ. ಒಬ್ಬ ಅಧಿಕಾರಿಯ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಒಪ್ಪರು. ಆ ಇನ್ನೊಬ್ಬರು ಒಪ್ಪಿದರೆಂದು ತಿಳಿಯದೆ ಮೊದಲನೆಯವರು ಕಡತ ತೆರೆಯರು. ಲತಾಮಣಿ ಯಾರ ಮೇಲೂ ಬೇಸರಿಸದೆ ಬೀದರಿನಿಂದ ಚಾಮರಾಜನಗರದವರೆಗೆ ದಾರಿಯನ್ನು ಹೆಣೆದರು. ರಾಯಚೂರಿನ ಸೀಮೆಗೆ ಚಳಿಗಾಲ, ಕರಾವಳಿಗೆ ಮಳೆ ನಿಂತ ಮೇಲೆ. ಊರಹಬ್ಬವಿರುವ ಕಡೆಗೆ ಹಬ್ಬ ಕಳೆದ ಮೇಲೆ.

ಸವೆದ ಅಕ್ಷರಗಳು ಓರೆಯಾಗಿ ಬೀಳುವ ಬಿಸಿಲಿನಲ್ಲಿ ಮಾತ್ರ ಎದ್ದು ಕಾಣುತ್ತವೆ ಎಂದು ನಾನು ಒಮ್ಮೆ ಹೇಳಿದ್ದೆ. ಅದನ್ನು ನೆನಪಿಟ್ಟ ಅವರು ಪ್ರತಿ ಊರಿಗೂ ಫೋನು ಮಾಡಿ, ಬೆಳಗಿನ ಬಿಸಿಲು ಕಲ್ಲಿನ ಯಾವ ಮಗ್ಗುಲಿಗೆ ಬೀಳುತ್ತದೆಂದು ವಿಚಾರಿಸುತ್ತಿದ್ದರು. ಮಂಡ್ಯದ ಕಡೆಯ ಹಿರಿಯರೊಬ್ಬರು ಅದನ್ನು ಕೇಳಿ, “ಯಾಕವ್ವಾ, ಹಪ್ಪಳ ಒಣಗಾಕೀಯಾ?” ಎಂದರಂತೆ. ಒಣಗಿಸುವುದಿಲ್ಲವೆಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲವೆಂದು ಲತಾಮಣಿ ನಗುತ್ತ ಹೇಳುತ್ತಿದ್ದರು.

ಹೀಗೆ ದೈವಕೃಪೆಯಿಂದ ನಾಡೆಲ್ಲ ಒಪ್ಪಿತು. ಉಳಿದದ್ದು ಉತ್ತರಹಳ್ಳಿಯ ಒಂದೇ ಕಲ್ಲು.

ಅದು ಬೈರಣ್ಣನವರ ಬಾಡಿಗೆ ಮನೆಗಳ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ, ಸ್ಕೂಟರುಗಳ ನಡುವೆ ನಿಂತಿದೆ. ಮೊದಲು ಅಲ್ಲಿ ರಾಗಿಯ ಹೊಲವಿತ್ತು. ಮನೆಯವರು ಕಲ್ಲನ್ನು ‘ಹೊಲದಮ್ಮ’ ಎಂದು ಪೂಜಿಸುತ್ತಿದ್ದರು. ಹೊಲ ಹೋಯಿತು, ಹೆಸರು ಉಳಿಯಿತು. ಅರಿಶಿನ, ಕುಂಕುಮ, ಎಣ್ಣೆಗಳ ದಪ್ಪ ಲೇಪದಡಿಯಲ್ಲಿ ಅಕ್ಷರಗಳಿದ್ದವು. ಯಾರೂ ಓದದ ಆ ಶಾಸನವನ್ನು ಕ್ಯಾಮರಾದೆದುರು ತೊಳೆದು, ಮೊದಲ ಸಾಲನ್ನು ಓದುವುದರಿಂದಲೇ ಚಿತ್ರ ಆರಂಭವಾಗಬೇಕೆಂಬುದು ಭಾರ್ಗವನ ಹಟ. ಚಿತ್ರಕ್ಕೆ ಹಣದ ನೆರವು ನೀಡಿದವರಿಗೂ ಆತ ಹಾಗೆಯೇ ಮಾತು ಕೊಟ್ಟಿದ್ದ. ಆ ಕಲ್ಲು ದೊರೆಯದಿದ್ದರೆ ಉಳಿದುದೆಲ್ಲ ತಲೆಯಿಲ್ಲದ ಮುಂಡವೆನ್ನುತ್ತಿದ್ದ. ಇಲಾಖೆಯ ಒಪ್ಪಿಗೆ ಬಂದಿತ್ತು. ಬೈರಣ್ಣನವರೂ ಸಂತೋಷದಿಂದ ಸಹಿ ಹಾಕಿದ್ದರು. ಒಪ್ಪದೆ ಉಳಿದವರು ಅವರ ತಾಯಿ ಮುನಿವೆಂಕಟಮ್ಮ ಒಬ್ಬರೇ.

ಹೊಲದಮ್ಮನನ್ನೇ ಕೇಳೋಣವೆಂದು ಮುನಿವೆಂಕಟಮ್ಮ ಹೂ ಕೇಳಲು ಕುಳಿತರು. ಎರಡು ಸೇವಂತಿಗೆಗಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎರಡು ಮಗ್ಗುಲಿಗೂ ಅಂಟಿಸುವುದು; ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ‘ಇವರು ನಿನ್ನನ್ನು ತೊಳೆಯಬೇಕಂತೆ, ತಾಯಿ’ ಎಂದು ಕೈಮುಗಿದು ಇನ್ನೂ ಕಣ್ಣು ತೆರೆದಿರಲಿಲ್ಲ, ಎಡಗಡೆಯ ಹೂ ಉದುರಿತು.

ಬೈರಣ್ಣ ನಮ್ಮನ್ನು ಗೇಟಿನ ಬಳಿಗೆ ಕರೆತಂದು ದನಿ ತಗ್ಗಿಸಿದರು. “ಅಮ್ಮ ಊಟ ಆದ್ಮೇಲೆ ಒಂದು ನಿದ್ದೆ ಮಾಡ್ತಾಳೆ ಮೇಡಂ. ಆವಾಗ ಬಂದು ತೊಳೆದು ಶೂಟಿಂಗ್ ಮಾಡ್ಕೊಂಡೋಗಿ. ಅವಳು ಏಳೋದ್ರೊಳಗೆ ನಾನೇ ಅರಿಶಿನ ಹಚ್ಚಿಡ್ತೀನಿ.”

ಭಾರ್ಗವನ ಮುಖ ಅರಳಿತು. ಲತಾಮಣಿ ಬೇಡವೆಂದು ತಲೆಯಾಡಿಸಿದರು. ಮಾಲೀಕರ ಸಹಿ ಇದೆ, ಸರ್ಕಾರದ ಅನುಮತಿ ಇದೆ, ಇನ್ನೇನು ಬೇಕೆಂದು ಭಾರ್ಗವ ಕೆರಳಿ ಕೇಳಿದ.

“ಎಲ್ಲಾ ಇದೆ ಸಾರ್” ಎಂದರು ಅವರು. “ಆಮೇಲೆ ನಾನು ಈ ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?”

ಮತ್ತೆ ಬರಬೇಕಾದ ಅಗತ್ಯವೇನೆಂಬುದು ಭಾರ್ಗವನಿಗೆ ಅರ್ಥವಾಗಲಿಲ್ಲ. ಬೇರೆ ಯಾರಿಂದಲಾದರೂ ಈ ಕೆಲಸ ಮಾಡಿಸುವೆನೆಂದ. ಹಾಗಾದರೆ ತಮ್ಮ ಹೆಸರನ್ನು ಚಿತ್ರದಿಂದ ತೆಗೆದುಬಿಡಬೇಕೆಂದು ಲತಾಮಣಿ ಮೆಲ್ಲನೆ ಹೇಳಿದರು. ವರ್ಷವೊಂದರ ಶ್ರಮವನ್ನು ಆಕೆ ಅಷ್ಟು ಶಾಂತವಾಗಿ ಪಣಕ್ಕಿಟ್ಟುದನ್ನು ಕಂಡು ಆತ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಅವರು ಒಳಗೆ ಹೋಗಿ, “ಹೋಗಿಬರ್ತೀನಿ ಅಜ್ಜಿ” ಎಂದು ಹೇಳಿ ಬಂದರು.

ಮುಂದಿನ ಶುಕ್ರವಾರ ಅವರು ಒಂದಿಷ್ಟು ಕನಕಾಂಬರ ಹಿಡಿದು ಉತ್ತರಹಳ್ಳಿಗೆ ಹೊರಟರು. ಕಲ್ಲಿನ ದರ್ಶನವಾದರೂ ಆಗಲೆಂದು ನಾನೂ ಜೊತೆಗೆ ಹೋದೆ. ಮುನಿವೆಂಕಟಮ್ಮ ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ಕ್ಯಾಮ್ರಾ ಎಲ್ಲಮ್ಮ?”

“ತಂದಿಲ್ಲ ಅಜ್ಜಿ.”

“ಮತ್ಯಾಕೆ ಬಂದೆ?”

“ಹೋಗಿಬರ್ತೀನಿ ಅಂದಿದ್ನಲ್ಲ. ಅದಕ್ಕೇ ಬಂದೆ.”

ಅಜ್ಜಿ ನಕ್ಕರು. “ಹಂಗಂದೋರೆಲ್ಲ ಬರಂಗಿದ್ದಿದ್ರೆ ನಮ್ಮನೇಲಿ ಕೂರಕ್ಕೆ ಜಾಗ ಇರ್ತಿತ್ತಾ? ಕೂತ್ಕೋ. ಸ್ವಾಮ್ಯೋರೇ, ನೀವೂ ಕೂತ್ಕೊಳ್ಳಿ.”

ಲತಾಮಣಿ ತಾವೂ ಅವರೆಕಾಯಿಗೆ ಕೈಹಾಕಿದರು. ಎಲ್ಲೆಲ್ಲಿ ಹೋಗಿದ್ದಿರೆಂದು ಅಜ್ಜಿ ಕೇಳಿದಾಗ, ಮೊಬೈಲಿನಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಹಳ್ಳದ ದಾಟುಗಲ್ಲಾಗಿತ್ತು; ಒಂದು ಬಟ್ಟೆ ಒಗೆಯುವ ಕಲ್ಲಾಗಿತ್ತು; ಹಲವು ಬಯಲಿನಲ್ಲಿ ಒಂಟಿಯಾಗಿ ವಾಲಿದ್ದವು. ಅಜ್ಜಿಯ ಕೈ ನಿಂತಿತು. ಇವಕ್ಕೆಲ್ಲ ಹೂವಿಡುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲವೆಂದು ಲತಾಮಣಿ ಹೇಳಿದ ಮೇಲೆ ಹೊಲದಮ್ಮನ ಕಡೆಗೆ ತಿರುಗಿದರು.

“ತೊಳಿಯೋದು ಬ್ಯಾಡ ಅಂದ್ಳು ಅಮ್ಮ” ಎಂದರು. “ನೋಡೋದು ಬ್ಯಾಡ ಅಂದ್ಳಾ? ನಾನು ಅದ್ನ ಕೇಳೇ ಇಲ್ವಲ್ಲ.”

ಲತಾಮಣಿ ತಂದಿದ್ದ ಕನಕಾಂಬರವನ್ನು ಅಜ್ಜಿ ಕಲ್ಲಿಗೆ ಮುಡಿಸಿ, ಮತ್ತೆರಡು ಸೇವಂತಿಗೆಗಳನ್ನು ಅಂಟಿಸಿ, ‘ಇದ್ದ ಹಾಗೇ ತೋರಿಸುತ್ತಾರಂತೆ’ ಎಂದು ಬೇಡಿಕೊಂಡರು. ಈ ಸಲ ಯಾವ ಹೂವೂ ಅಲುಗಲಿಲ್ಲ. ಬೈರಣ್ಣನವರ ಮನೆಯಾಕೆ ಕಾಫಿ ತಂದರು, ಕುಡಿದೆವು. ಬುಟ್ಟಿಯ ಅವರೆಕಾಯಿ ಮುಗಿಯಿತು. ಯಾವ ಕಚೇರಿಯಲ್ಲೂ ಕಾಲು ಕುಣಿಸದ ಲತಾಮಣಿ ಅಂದು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದರು. ಆಗ ಬಲಗಡೆಯ ಹೂ ಜಾರಿ, ಅಮ್ಮನ ಪಾದದ ಬಳಿ ಬಿದ್ದಿತು.

ಚಿತ್ರ ಈಗ ಹೊಲದಮ್ಮನಿಂದಲೇ ಆರಂಭವಾಗುತ್ತದೆ. ಸ್ಕೂಟರುಗಳ ನಡುವೆ, ಅರಿಶಿನ ಮೆತ್ತಿದ, ಒಂದಕ್ಷರವೂ ಕಾಣದ ಕಲ್ಲು. ಅದಕ್ಕೆ ಹೂವಿಡುವ ಮುಪ್ಪಿನ ಕೈಗಳು. ಭಾರ್ಗವ ತಾನು ಬರೆಸಿದ್ದ ಆರಂಭದ ಮಾತುಗಳನ್ನೆಲ್ಲ ಬಿಟ್ಟುಬಿಟ್ಟ. ನೆರವು ನೀಡಿದವರಿಗೆ ತಾನೇ ಹೋಗಿ ಕಾರಣ ತಿಳಿಸಿದ. ಲತಾಮಣಿಯವರ ಹೆಸರು ಚಿತ್ರದಲ್ಲಿ ಅವನ ಹೆಸರಿಗಿಂತ ಮುಂಚೆ ಬರುತ್ತದೆ. ಅದನ್ನು ಹಾಗೆ ಇಡಿಸಿದವನೂ ಅವನೇ.

ಈ ಹೆಣ್ಣುಮಗಳಿಗೆ ನಾನು ಹೊತ್ತಿರುವ ಋಣ ಬೇರೆ. ಕಲ್ಲನ್ನು ಓದುವುದಕ್ಕೆಂದು ಹೋಗುತ್ತಿದ್ದ ನನಗೆ, ಅದನ್ನು ಕಾಯ್ದುಕೊಂಡವರ ಮನೆಯ ಮೆಟ್ಟಿಲ ಮೇಲೆ ಕೂರುವ ಭಾಗ್ಯವನ್ನು ಅವರು ಕೊಡಿಸಿದರು. ಅಂತಹ ಮೆಟ್ಟಿಲುಗಳು ನಾಡಿನ ತುಂಬ ಇವೆ. ಅಲ್ಲೆಲ್ಲ ಅವರು ಇಂದಿಗೂ ಮನೆಮಗಳು.

ಚಿತ್ರೀಕರಣದ ದಿನ ಹೊರಡುವಾಗ ಮುನಿವೆಂಕಟಮ್ಮ ನನ್ನನ್ನು ನಿಲ್ಲಿಸಿದರು. “ಅಕ್ಷರ ಓದಕ್ಕೆ ಆಸೆ ಅಂತೆ ಸ್ವಾಮ್ಯೋರೇ ನಿಮಗೆ. ಅಮ್ಮ ಬ್ಯಾಡ ಅಂದಿದ್ದು ಬ್ಯಾರೇವ್ರು ತೊಳಿಯೋದ್ನ. ಯುಗಾದಿಗೆ ನಾವೇ ತೊಳಿತೀವಿ, ನಮ್ಮ ಕೈಯ್ಯಾರೆ. ಕ್ಯಾಮ್ರಾ ಇಲ್ದಂಗೆ ಬನ್ನಿ.”

ಲತಾಮಣಿ ಗೇಟಿನ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಕೈಮುಗಿದು ‘ಹೋಗಿಬರುತ್ತೇನೆ ತಾಯಿ’ ಎಂದೆ. ಆಡಿ ಆಡಿ ಸವೆದಿದ್ದ ಆ ಮಾತನ್ನು ಅಷ್ಟು ಎಚ್ಚರದಿಂದ ನಾನು ಹಿಂದೆಂದೂ ಆಡಿರಲಿಲ್ಲ.