ತೊಳೆದ ಶೇಂಗಾ

ಹೊಲದಿಂದ ಕಿತ್ತು ತಂದ ಹಸಿ ಶೇಂಗಾವನ್ನು ಮಣ್ಣಿನ ಸಮೇತ ನೀರಿಗೆ ಸುರಿದಾಗ ಒಂದು ವಾಸನೆ ಏಳುತ್ತದೆ. ಬರೀ ಮಣ್ಣಿನದಲ್ಲ, ಬರೀ ಕಾಳಿನದೂ ಅಲ್ಲ. ಎರಡಕ್ಕೂ ಬೇರಿನ ಒಗರು ಸೇರಿದ್ದು. ಹೋದ ವಾರ ಚಳ್ಳಕೆರೆ ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬಳು ಮಣ್ಣು ಮೆತ್ತಿದ ಶೇಂಗಾ ಗುಡ್ಡೆ ಹಾಕಿಕೊಂಡು ಕೂತಿದ್ದಳು. ತಂದು ಬೋಗುಣಿಯ ನೀರಿಗೆ ಹಾಕಿದೆ. ಎಷ್ಟೋ ವರ್ಷದಿಂದ ಕಾದಿದ್ದ ವಾಸನೆ ಅಡುಗೆಮನೆ ತುಂಬ ಹರಡಿತು. ಸಂತೋಷಪಡುವ ಬದಲು ನನಗೆ ಮೊದಲು ಬಂದದ್ದು ಅನುಮಾನ: ನನ್ನಂಥವರು ಮೋಸಹೋಗಲಿ ಅಂತಲೇ ಇವಳು ಮಣ್ಣು ಮೆತ್ತಿ ತಂದಿರಬಹುದೇ? ನಗಬೇಡಿ. ಈ ಅನುಮಾನ ನಮ್ಮಜ್ಜಿಯದು. ಆಕೆ ಬಿಟ್ಟುಹೋದದ್ದರಲ್ಲಿ ನನ್ನ ಪಾಲಿಗೆ ಬಂದದ್ದು ಇದೊಂದೇ.

ಅಜ್ಜಿ ಎಂದರೆ ಅಪ್ಪನ ತಾಯಿ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ರೇಷ್ಮೆ ಬಂದರೆ ಮೊದಲು ಒಂದು ಎಳೆ ಕಿತ್ತು ಸುಟ್ಟು ಮೂಸುತ್ತಿದ್ದರಂತೆ. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ, ಇಲ್ಲದಿದ್ದರೆ ವಾಪಸ್ಸು. ಮಗ್ಗವನ್ನು ಅಲ್ಲೇ ಬಿಟ್ಟು ಬಂದರೂ ಆ ಮೂಗನ್ನು ಮಾತ್ರ ಜೊತೆಗೇ ತಂದಿದ್ದಳು. ಬೆಲ್ಲ ಬಂದರೆ ನೀರಲ್ಲಿ ಕರಗಿಸಿ ತಳ ನೋಡುವಳು. ತುಪ್ಪವನ್ನು ಅಂಗೈಗೆ ತಿಕ್ಕುವಳು. ಅಂಗಡಿಯ ಪೊಟ್ಟಣ ಕಂಡರಂತೂ ಮನೆಗೆ ಬಂದ ಅಪರಿಚಿತರನ್ನು ನಿಲ್ಲಿಸಿದಂತೆ ಬಾಗಿಲಲ್ಲೇ ನಿಲ್ಲಿಸುವಳು. ಯಾವ ಕಾಳು, ಯಾವ ಸೊಪ್ಪು ಒಳಗೆ ಬರಬೇಕಾದರೂ ಆಕೆಯ ಪ್ರಶ್ನೆ ಒಂದೇ, ಅದೂ ತವರಿನ ತೆಲುಗಿನಲ್ಲಿ: “ಎವರಿ ಚೇನು?” ಯಾರ ಹೊಲದ್ದು ಅಂತ. “ಹೊಟ್ಟೆ ನೋವು ಬಂದ್ರೆ ಯಾರ ಬಾಗ್ಲಿಗೆ ಹೋಗಿ ಕೇಳ್ಬೇಕು ಅನ್ನಾದು ಗೊತ್ತಿರ್ಬೇಕು ಕಣೆ,” ಎಂದು ಅವ್ವನಿಗೆ ಹೇಳುತ್ತಿದ್ದಳು.

ಅಜ್ಜಿ ಪೂರ್ತಿ ನಂಬಿದ್ದು ಒಬ್ಬಳನ್ನೇ, ಹತ್ತಿರದ ಹಳ್ಳಿ ನನ್ನಿವಾಳದ ತಿಪ್ಪಕ್ಕನನ್ನು. ಮಧ್ಯಾಹ್ನದ ಬಸ್ಸಿಗೆ ಬುಟ್ಟಿ ಹೊತ್ತು ಬರುತ್ತಿದ್ದಳು. ಅವಳ ಬುಟ್ಟಿಯಲ್ಲಿ ಏನಿದೆಯೋ ಅದೇ ನಮ್ಮ ಮನೆಯ ಋತು: ನವಣೆ, ಸಜ್ಜೆ, ಹಸಿ ತೊಗರಿಕಾಯಿ, ಈರುಳ್ಳಿ, ಕಡೆಗೆ ಶೇಂಗಾ. ಹಿಂದಿನ ಸಂಜೆ ಕಿತ್ತ ಕಾಯಿ ಮಾರನೆಯ ಮಧ್ಯಾಹ್ನ ನಮ್ಮ ಒಲೆಯ ಮೇಲಿರುತ್ತಿತ್ತು. ಉಪ್ಪು ಹಾಕಿ ಬೇಯಿಸಿ, ಎಲ್ಲರೂ ಸುತ್ತ ಕೂತು ಸುಲಿದು ತಿನ್ನುವಾಗಿನ ಆ ಸಿಹಿಯನ್ನು ಈಗಿನ ಯಾವ ಅಂಗಡಿಯೂ ನನಗೆ ಕೊಟ್ಟಿಲ್ಲ. ತಿಪ್ಪಕ್ಕನಿಗೆ ನಮ್ಮ ಮನೆಯಲ್ಲಿ ಊಟ, ಹೋಗುವಾಗ ಒಂದು ಡಬ್ಬಿ ಉಪ್ಪಿನಕಾಯಿ. ಇಷ್ಟಾದರೂ ಅಜ್ಜಿ ಪರೀಕ್ಷೆ ಬಿಡುತ್ತಿರಲಿಲ್ಲ. ಶೇಂಗಾಕ್ಕೆ ಅಂಟಿದ ಮಣ್ಣನ್ನು ಒಂದು ಹನಿ ನೀರಿನಲ್ಲಿ ಅಂಗೈ ಮೇಲೆ ಉಜ್ಜಿ, ಬೆಳಕಿಗೆ ಹಿಡಿದು, “ಹ್ಞೂಂ, ನಿಮ್ ಗುಡ್ಡದ್ ಬದಿ ಹೊಲದ್ದೇ,” ಎಂದ ಮೇಲೆಯೇ ಬುಟ್ಟಿ ಒಳಗೆ ಬರುತ್ತಿತ್ತು. ತಿಪ್ಪಕ್ಕ ನಗುತ್ತಾ ಕಾಯುತ್ತಿದ್ದಳು.

ಆ ಶೇಂಗಾ ತೊಳೆಯುವ ಕೆಲಸ ನನ್ನದು. ಸುಗ್ಗಿ ಮುಗಿಯುವವರೆಗೆ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಹೋಗುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿ ಮೇಡಂ ಉಗುರು ನೋಡಿ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದರು. ಹುಡುಗಿಯರು ‘ಮಣ್ಣುಗೈ’ ಅಂತ ಹೆಸರಿಟ್ಟರು. ಅಜ್ಜಿಗೆ ಹೇಳಿದರೆ ಶಾಲೆಗೇ ಬಂದು ರಂಪ ಮಾಡುತ್ತಾಳೆಂಬ ಹೆದರಿಕೆ. ಅದಕ್ಕೇ ಒಂದು ದಿನ ತಿಪ್ಪಕ್ಕನನ್ನು ಬಸ್ಸಿನವರೆಗೆ ಕಳಿಸಲು ಹೋದಾಗ ಅವಳ ಸೆರಗು ಹಿಡಿದು ಕೇಳಿದೆ: “ತಿಪ್ಪಕ್ಕ, ಮುಂದಿನ್ ಸಲ ಶೇಂಗಾ ತೊಳ್ದು ತಗಂಡ್ ಬಾ. ನಾನ್ ಹೇಳ್ದೆ ಅಂತ ಅಜ್ಜಿಗೆ ಹೇಳ್ಬ್ಯಾಡ.” ಅವಳು ನನ್ನ ಬೆರಳುಗಳನ್ನು ನೋಡಿ, “ಆಗ್ಲಿ ಬಿಡು ಮಗಾ, ಯಾರ್ಗೂ ಹೇಳಲ್ಲ,” ಎಂದಳು.

ಮುಂದಿನ ಸಲ ಬುಟ್ಟಿಯ ಬಟ್ಟೆ ಸರಿಸಿದಾಗ ಶೇಂಗಾ ಬೆಳ್ಳಗೆ, ಚೊಕ್ಕವಾಗಿತ್ತು. ಅಜ್ಜಿಯ ಕೈ ಅಲ್ಲೇ ನಿಂತಿತು. “ಯಾಕ್ ತೊಳ್ದೆ?”

“ಚೊಕ್ಕ ಇರ್ಲಿ ಅಂತ, ಅಮ್ಮಾರೇ.”

“ಇಷ್ಟ್ ವರ್ಷ ಇಲ್ದಿದ್ ಚೊಕ್ಕ ಈಗ್ ಎಲ್ಲಿಂದ ಬಂತು? ಮಾರ್ಕೆಟ್ಟಿಂದು ತಂದು ನಿಮ್ ಹೊಲದ್ದು ಅಂತೀಯಾ? ಯಾರ್ ಮಣ್ಣು ತೊಳ್ದೆ ಹೇಳು.”

ತಿಪ್ಪಕ್ಕ ಬಾಗಿಲ ಹಿಂದಿದ್ದ ನನ್ನನ್ನು ಒಮ್ಮೆ ನೋಡಿದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಉಗುರು ನೋಡಿಕೊಂಡೆ. “ನಮ್ ಹೊಲದ್ದೇ, ಅಮ್ಮಾರೇ,” ಎಂದಷ್ಟೇ ಅವಳು ಹೇಳಿದಳು. ಅಜ್ಜಿ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. ಆಕೆಯ ಮುಖ ಸಡಿಲಾದದ್ದು ನನಗೆ ಕಂಡಿತು. ನಾಲಗೆಗೆ ಆ ಹೊಲದ ಗುರುತು ಸಿಕ್ಕಿತ್ತು. ಆದರೂ ಬುಟ್ಟಿಯನ್ನು ಕಾಲಿನಿಂದಲೇ ಆಚೆ ಸರಿಸಿದಳು. ತಿಪ್ಪಕ್ಕ ಅದನ್ನು ತಲೆಗೇರಿಸಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋಗುವಾಗ ಮೆಲ್ಲಗೆ, “ಉಗುರು ಕತ್ತರಿಸ್ಕ ಮಗಾ,” ಎಂದಳು. ಮತ್ತೆ ಬರಲಿಲ್ಲ.

“ಸಿಕ್ಕಿಬಿದ್ಲಲ್ಲ, ಇನ್ನೆಲ್ಲಿ ಬರ್ತಾಳೆ,” ಎಂದು ಅಜ್ಜಿ ಗೆದ್ದವಳಂತೆ ಹೇಳಿಕೊಂಡು ತಿರುಗಿದಳು. ಆದರೆ ಶೇಂಗಾ ಕಾಲದಲ್ಲಿ ಮಧ್ಯಾಹ್ನದ ಬಸ್ಸಿನ ಹಾರನ್ ಕೇಳಿದರೆ ಊಟದ ನಡುವೆ ಕೈ ತಡೆಯುತ್ತಿದ್ದಳು. ಮೆಲ್ಲಮೆಲ್ಲಗೆ ಪೊಟ್ಟಣಗಳು ಒಳಗೆ ಬಂದವು. ಊರಿನ ಎಣ್ಣೆ ಮಿಲ್ಲುಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಬೀದಿಯಲ್ಲಿ ಹಿಂಡಿಯ ವಾಸನೆ ಹೋಯಿತು. ವಾಸನೆಯೇ ಇಲ್ಲದ ಎಣ್ಣೆಯನ್ನು ಅಜ್ಜಿ ಮೂಸಿ ಮೂಸಿ ನೋಡುತ್ತಿದ್ದಳು. ಕೇಳಲು ಯಾರ ಬಾಗಿಲೂ ಇರಲಿಲ್ಲ.

ಆಕೆ ಹಾಸಿಗೆ ಹಿಡಿದಾಗ ನಾನು ಕಾಲೇಜಿನಲ್ಲಿದ್ದೆ. ಕಾಲು ಒತ್ತುತ್ತಾ ಕೊನೆಗೂ ಹೇಳಿದೆ: “ಅಜ್ಜಿ, ಶೇಂಗಾ ತೊಳ್ಯಾಕೆ ಹೇಳಿದ್ದು ನಾನೇ. ತಿಪ್ಪಕ್ಕಂದು ತಪ್ಪಿರ್ಲಿಲ್ಲ.” ಅಜ್ಜಿ ನನ್ನನ್ನೇ ಬಹಳ ಹೊತ್ತು ನೋಡಿದಳು, ಸುಟ್ಟ ಎಳೆ ಮೂಸುವವಳಂತೆ. “ಸುಳ್ಳು,” ಎಂದಳು. “ಅವ್ಳನ್ನ ಉಳ್ಸಾಕೆ ಹೇಳ್ತೀಯಾ.” ಗೋಡೆಯ ಕಡೆ ಹೊರಳಿದಳು. ನಿದ್ದೆ ಬಂತೆಂದುಕೊಂಡೆ. ಆಮೇಲೆ ಕೇಳಿದಳು: “ನನ್ನಿವಾಳದ್ ಬಸ್ಸು ಈಗ್ಲೂ ಮಧ್ಯಾಹ್ನಕ್ಕೇ ಬರ್ತೈತಾ?”

ನನ್ನಿವಾಳವೇನು ದೂರವಲ್ಲ. ಹೋಗಿ ತಿಪ್ಪಕ್ಕನ ಕಾಲು ಹಿಡಿಯಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತಾ ವರ್ಷಗಳಾದವು. ಈಗ ಹೋದರೆ ಯಾರು ಏನು ಹೇಳುತ್ತಾರೋ ಎಂಬ ಅಳುಕು. ನನಗೆ ನಾಚಿಕೆಯಾಗುತ್ತದೆ.

ಅವತ್ತು ಬೋಗುಣಿಯ ಒದ್ದೆ ಶೇಂಗಾದಿಂದ ಒಂದಿಷ್ಟು ಮಣ್ಣು ತೆಗೆದು, ಅಜ್ಜಿಯ ಹಾಗೆ ಅಂಗೈ ಮೇಲೆ ಉಜ್ಜಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಪಗಿತ್ತು. ಗುಡ್ಡದ ಬದಿಯದೋ, ಬೇರೆ ಯಾರ ಹೊಲದ್ದೋ, ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ಅದನ್ನು ತಿಳಿದಿದ್ದ ಇಬ್ಬರ ನಡುವೆ ನಿಂತು ಬಾಯಿ ಮುಚ್ಚಿಕೊಂಡಿದ್ದವಳು ನಾನೇ. ಎಲ್ಲ ಕಾಯಿಯನ್ನೂ ಕೈಯಾರೆ ತೊಳೆದು ಬೇಯಲು ಇಟ್ಟೆ. ನಾನೀಗ ಇದೇ ಊರಿನ ಶಾಲೆಯೊಂದರಲ್ಲಿ ಮೇಡಂ. ಉಗುರಿನ ಕೆಂಪನ್ನು ತೆಗೆಯದೆ ಮಾರನೆಯ ದಿನ ಹಾಗೆಯೇ ಶಾಲೆಗೆ ಹೋದೆ.