ಹಗೇವಿಗೆ ಇಳಿದ ಕಂದೀಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಜೋಳ ನೆಲದ ಕೆಳಗೆ ಮಲಗುತ್ತಿತ್ತು. ದೇವರ ಹಿಪ್ಪರಗಿಯ ಹತ್ತಿರದ ನಮ್ಮೂರಲ್ಲಿ ಆಗ ಬಹಳ ಮನೆಗಳ ಅಂಗಳದಲ್ಲಿ ಹಗೇವು ಇರುತ್ತಿತ್ತು. ಹಗೇವು ಅಂದರೆ ಕಾಳು ತುಂಬಿಡುವ ಆಳದ ಕುಣಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಥೇಟ್ ನೀರಿನ ಕೊಡದ ಹಾಗೆ. ಒಳಗೆ ಸುತ್ತಲೂ ಕಣಿಕೆ, ಅಂದರೆ ಜೋಳದ ಒಣ ದಂಟು, ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಕಲ್ಲಿಟ್ಟು, ಮಣ್ಣು ಮುಚ್ಚಿ ಸಗಣಿಯಿಂದ ಸಾರಿಸಿಬಿಟ್ಟರೆ ಅಲ್ಲೊಂದು ಕುಣಿ ಇದೆಯೆಂದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಅಪ್ಪನಿಗೆ ಬೇಕಾಗಿದ್ದೂ ಅದೇ. ಮನೆಯಲ್ಲಿ ಎಷ್ಟು ಕಾಳಿದೆ ಅಂತ ಮಂದಿಗೆ ಗೊತ್ತಾದರೆ ದೃಷ್ಟಿಯಾಗುತ್ತದೆ ಅನ್ನುತ್ತಿದ್ದ.

ಅಕ್ಕನ ಮದುವೆ ಗೊತ್ತಾದ ವರ್ಷ, ಅಜ್ಜ ಅರ್ಧ ಜೋಳ ತೆಗೆಸಿ ಮುಚ್ಚಿಟ್ಟಿದ್ದ ಹಗೇವನ್ನು ಅಪ್ಪ ಮೊದಲ ಸಲ ತೆರೆದ. ಅಜ್ಜ ಆಗಲೇ ತೀರಿಹೋಗಿದ್ದ. ಮಟಮಟ ಮಧ್ಯಾಹ್ನ, ತಲೆಬಾಗಿಲು ಹಾಕಿಕೊಂಡು, ಹಾರೆಯಿಂದ ಚಪ್ಪಡಿ ಸರಿಸಿದ. ಕುಣಿಯಿಂದ ಬಿಸಿಬಿಸಿ ಹುಳಿ ವಾಸನೆ ಎದ್ದು ಬಂತು. ಬಹಳ ದಿನದಿಂದ ನೆಲ ಹಿಡಿದಿಟ್ಟಿದ್ದ ಉಸಿರನ್ನು ಒಮ್ಮೆಗೇ ಬಿಟ್ಟಂತಿತ್ತು. ನಾನು ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡೆ.

ಬಾಗಿಲು ಮುಚ್ಚಬಹುದು, ವಾಸನೆಯನ್ನು ಹೇಗೆ ಮುಚ್ಚುವುದು? ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ. ಅಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ನಾನು ತೆಗೆದರೆ ಎದುರುಮನೆಯ ಮುದುಕ, ಕುರಿ ಕಾಯುವ ಕುರಿ ಮುತ್ಯಾ, ಹೆಗಲ ಮೇಲೆ ಕಂಬಳಿ. ಅವನ ಕುರಿಗಳು ನಮ್ಮ ತೊಗರಿಗೆ ಬಾಯಿ ಹಾಕಿದವೆಂದು ಅಪ್ಪ ಅವನೊಡನೆ ಮಾತು ಬಿಟ್ಟಿದ್ದ.

"ತಡೀರಿ ಸಾವಕಾರ್ರ. ಕಂದೀಲು ಇಳಿಸೀರೇನು?" ಅಂದ ಮುತ್ಯಾ.

"ಹಾಡಹಗಲ ಕಂದೀಲು ಯಾಕ ಮುತ್ಯಾ? ಕಣ್ಣು ಮಂಜಾಗಿದ್ದು ನಿನಗ, ನನಗಲ್ಲ," ಅಂತ ಅಪ್ಪ ನಕ್ಕ.

"ನಿಮಗ ಕಾಣಲಿ ಅಂತಲ್ರಿ. ಒಳಗ ಉಸರೈತೋ ಇಲ್ಲೋ, ಅದು ಹೇಳ್ತೈತಿ. ಮೊದಲ ಕಾಲ ಮ್ಯಾಲ ತಗೋರಿ, ಆಮ್ಯಾಲ ಬೈರಿ."

ಅಕ್ಕ ಕಂದೀಲು ಹಚ್ಚಿ ತಂದಳು. ಮುತ್ಯಾ ಅದಕ್ಕೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟ. ಹಳದಿ ಬೆಳಕು ಕಣಿಕೆಯ ಗೋಡೆ ಸವರುತ್ತ ಇಳಿಯಿತು. ಸ್ವಲ್ಪ ಆಳಕ್ಕೆ ಹೋಗಿದ್ದೇ ತಡ, ದೀಪದ ಕುಡಿ ಜೋಳದ ಕಾಳಿನಷ್ಟು ಸಣ್ಣದಾಗಿ ಆರಿಹೋಯಿತು. ಗಾಳಿ ಬೀಸಿರಲಿಲ್ಲ, ಯಾರೂ ಊದಿರಲಿಲ್ಲ. ಮೇಲೆತ್ತಿ ಅಕ್ಕ ಅಲುಗಾಡಿಸಿದರೆ ಎಣ್ಣೆ ಕುಳುಕುಳು ಅಂತು. ಕಣ್ಣಿಗೆ ಕಾಣದ ಯಾವುದೋ ಒಂದು ದೀಪವನ್ನು ನುಂಗಿತ್ತು. ಅಪ್ಪನ ಕಾಲು ತಾವಾಗಿಯೇ ಮೇಲೆ ಬಂದವು.

"ಇದನ್ನ ನಿನಗ ಯಾರು ಹೇಳಿಕೊಟ್ರು?" ಅಪ್ಪನ ದನಿ ಸಣ್ಣದಾಗಿತ್ತು.

"ನಮ್ಮಣ್ಣ ಇಂಥಾದ್ದಕ್ಕ ಇಳಿದಾವ ಮ್ಯಾಲ ಬರಲಿಲ್ರಿ. ಅವಗ ಯಾರೂ ಹೇಳಿದ್ದಿಲ್ಲ."

ಅಪ್ಪ ಎದ್ದು ಹೋಗಿ ತಲೆಬಾಗಿಲು ಪೂರಾ ತೆರೆದ. ಓಣಿಯ ಮಂದಿ ಬಂದರು. ಮುತ್ಯಾ ತನ್ನ ಕಂಬಳಿಯನ್ನೇ ಹಗ್ಗಕ್ಕೆ ಕಟ್ಟಿ ಕುಣಿಯೊಳಗೆ ಬಿಡುವುದು, ಜಗ್ಗುವುದು ಮಾಡಿದ. ಬಾವಿಯಿಂದ ನೀರು ಸೇದಿದ ಹಾಗೆ ಕೆಟ್ಟ ಗಾಳಿ ಸೇದುವುದು. ಹೊತ್ತು ಮುಳುಗುವತನಕ ಸರದಿಯ ಮೇಲೆ ಎಲ್ಲರೂ ಸೇದಿದರು.

ಮರುದಿನ ಬೆಳಿಗ್ಗೆ ಕಂದೀಲು ತಳದತನಕ ಹೋಗಿ, ಆರದೆ ನಿಂತಿತು. ಬಗ್ಗಿ ನೋಡಿದೆ. ನೆಲದ ಹೊಟ್ಟೆಯೊಳಗೆ ಜೋಳ ಮುತ್ತಿನ ರಾಶಿಯಂತೆ ಹೊಳೆಯುತ್ತಿತ್ತು. ಮೊದಲು ಇಳಿದವನು ಮುತ್ಯಾನೇ. ಬುಟ್ಟಿಗಳು ಕೈಯಿಂದ ಕೈಗೆ ಹೊರಗೆ ಬಂದವು. ಅಪ್ಪ ಒಂದು ಬುಟ್ಟಿ ಜೋಳ ಅವನ ಮುಂದಿಟ್ಟರೆ ಮುತ್ಯಾ ಮುಟ್ಟಲಿಲ್ಲ.

"ಇದಕ್ಕ ಕೂಲಿ ತಗೊಂಡ್ರ, ಕೂಲಿ ಕೊಡಲಾರದವನ ಹಗೇವಿಗೆ ಯಾರು ಹೋಗಬೇಕ್ರಿ? ಲಗ್ನಕ್ಕ ಕರೀರಿ, ಬಂದು ಉಣ್ತೇನಿ."

"ಕುರಿ ಬಿಟ್ಟು ಬಾ ಮತ್ತ," ಅಂದ ಅಪ್ಪ. ಓಣಿಯೆಲ್ಲ ನಕ್ಕಿತು.

ಆಮೇಲೆ ಆ ಕಂದೀಲು ನಮ್ಮ ಬಾಗಿಲ ಪಕ್ಕದ ಗೂಟಕ್ಕೇ ತೂಗಿತು. ಯಾರ ಮನೆಯ ಹಗೇವು ತೆಗೆದರೂ ಅಪ್ಪನೂ ಮುತ್ಯಾನೂ ಅದನ್ನು ಹಿಡಿದು, ಅವರು ಕರೆಯುವ ಮೊದಲೇ ಹೋಗುತ್ತಿದ್ದರು. ಬಾಗಿಲು ಹಾಕಿಕೊಂಡು ಹಗೇವು ತೆಗೆಯುವುದನ್ನು ನಮ್ಮೋಣಿ ಬಿಟ್ಟೇಬಿಟ್ಟಿತು.

ಈಗ, ಮೊಮ್ಮಕ್ಕಳೇ, ನಿಮ್ಮ ಜೋಳ ಚೀಲದಲ್ಲಿ ಬರುತ್ತದೆ. ಹಗೇವು ಮುಚ್ಚಿದ ಜಾಗದ ಮೇಲೆ ಫರಸಿ ಕಲ್ಲು ಹಾಸಿ ನಿಮ್ಮಪ್ಪ ಗಾಡಿ ನಿಲ್ಲಿಸುತ್ತಾನೆ. ನೆಲದ ಕೆಳಗೆ ಉಳಿದದ್ದು ನೀರಿನ ಟಾಕಿ ಒಂದೇ. ಆದರೆ ಹೋದ ವಾರ ಟಾಕಿ ತೊಳೆಯಲು ಬಂದಾತ ಮುಚ್ಚಳ ತೆಗೆದವನೇ ಕಾಲು ಇಳಿಬಿಟ್ಟು ಕೂತಾಗ, ನನ್ನಿಂದ ಈ ಕಥೆಯನ್ನು ಹತ್ತಾರು ಸಲ ಕೇಳಿದ್ದ ನಿಮ್ಮ ಪುಟ್ಟ ತಂಗಿ ಓಡಿಹೋಗಿ ಅವನೆದುರು ನಿಂತಳು.

"ಮಾಮಾ, ಕಾಲ ಮ್ಯಾಲ ತಗೋರಿ. ಮೊದಲ ಒಳಗ ಗಾಳಿ ಆಡ್ಲಿ."

ಆತ ನಕ್ಕ, ಅಂದು ನಮ್ಮಪ್ಪ ನಕ್ಕ ಹಾಗೆಯೇ. ಆಮೇಲೆ ಅವಳ ಮುಖ ನೋಡಿ, ಕಾಲು ಮೇಲೆ ತೆಗೆದುಕೊಂಡ.